ಮಾಸ್ಕಿನ ಮಡಿಕೆ

“ಕಣ್ಣು— ನನ್ನ ಕಣ್ಣು—”

ಕೇಳಿದ್ದು ಅಷ್ಟೇ. ಆಮೇಲೆ ನೀರು ನುಂಗಿದ ಸದ್ದು.

ಸೂಜಿ ನೀರಿನಿಂದ ತಲೆಯೆತ್ತಿದಳು. ಹವಳದ ದಿಬ್ಬದ ಅಂಚಿನಲ್ಲಿ, ನೀರು ತಿಳಿಹಸಿರಿನಿಂದ ಕಡುನೀಲಿಗೆ ತಿರುಗುವ ಕಡೆ, ಸಿಸ್ಟರ್ ಎರಡೂ ಕೈಯಿಂದ ಮುಖದ ಮೇಲಿನ ಗಾಜಿನ ಮಾಸ್ಕನ್ನು ಕಿತ್ತು ಕುತ್ತಿಗೆಗೆ ಎಳೆದುಕೊಳ್ಳುತ್ತಿದ್ದಳು. ಬಾಯಲ್ಲಿದ್ದ ಉಸಿರುಕೊಳವೆ ಜಾರಿ ಪಕ್ಕದಲ್ಲಿ ತೇಲುತ್ತಿತ್ತು. ಒಂದು ಅಲೆ ತಲೆಯನ್ನು ಮುಚ್ಚಿತು. ತಲೆ ಮೇಲೆ ಬಂತು. ಇನ್ನೊಂದು ಅಲೆ. ಈ ಸಲ ತಲೆ ಮೇಲೆ ಬರಲಿಲ್ಲ.

ಆ ಒಂದು ಗಳಿಗೆ ಸೂಜಿಯ ಎದೆಯೊಳಗೆ ಎಷ್ಟೋ ದಿನದ ಉರಿಯೊಂದು ತಣ್ಣಗಾಯಿತು. ಹಾಗೆ ತಣ್ಣಗಾದದ್ದಕ್ಕೆ ಮರುಗಳಿಗೆಯೇ ನಾಚಿಕೆಯಾಯಿತು. ಅವಳು ಕಾಲು ಬಡಿಯುತ್ತ ಹೊರಡುವಷ್ಟರಲ್ಲಿ ಈಜು ಕಲಿಸುವ ಟೀಚರ್ ಅವಳನ್ನು ದಾಟಿ ಹೋಗಿಯಾಗಿತ್ತು. ಮಾಸ್ಕನ್ನು ಹಣೆಗೇರಿಸಿಕೊಂಡು, ತಲೆ ನೀರಿನ ಮೇಲಿಟ್ಟು, ಬೀಸು ಬೀಸಾಗಿ ಈಜುತ್ತಿದ್ದರು. ಮುಳುಗಿದರು. ಎದ್ದರು. ತೋಳಿನಲ್ಲಿ ಸಿಸ್ಟರ್ ಇದ್ದಳು. ಮುಖ ಬಿಳಿಚಿ, ಕಣ್ಣಿನ ಸುತ್ತ ಮಾತ್ರ ಕೆಂಡದ ಬಣ್ಣ.

“ದೋಣಿ ತನ್ನಿ!” ಎಂದು ಟೀಚರ್ ಕೂಗಿದರು.

ಇದಕ್ಕೆ ತುಸು ಮೊದಲು ಎಲ್ಲರೂ ನಗುತ್ತಿದ್ದರು. ತಟ್ಟೆಯಗಲದ ಆಮೆಯೊಂದು ಎಲ್ಲಿಂದಲೋ ಬಂದು, ಹವಳದ ಮೇಲೆ ನೆರಳು ಬೀಳಿಸುತ್ತ, ಟೀಚರ್ ಹೊಟ್ಟೆಯ ಕೆಳಗೇ ಹಾದುಹೋಗಿತ್ತು. ಸಿಸ್ಟರ್ ಬೆರಳು ಮಾಡಿ ತೋರಿಸಿದಳು. ಸೂಜಿ ಕಂಡಳು. ಮಂಡಿನೋವಿನ ದಫೇದಾರಮ್ಮನೂ ಕಂಡರು. ಟೀಚರ್ ಮಾತ್ರ ಅತ್ತ ಇತ್ತ ತಲೆ ತಿರುಗಿಸಿದರು, ಆಮೆ ಸಿಕ್ಕಲಿಲ್ಲ. “ಊರಿಗೆಲ್ಲ ಕಂಡಿದ್ದು ಟೀಚರ್‌ಗೆ ಕಾಣಲಿಲ್ಲವಲ್ಲ!” ಎಂದು ದಫೇದಾರಮ್ಮ ಕೊಳವೆ ತೆಗೆದು ನಕ್ಕಿದ್ದರು. “ನಾನು ನಿಮ್ಮನ್ನ ನೋಡ್ತಿದ್ದೆ, ಆಮೆನಲ್ಲ,” ಎಂದಿದ್ದರು ಟೀಚರ್.

ಆ ನಗು ಈಗ ಯಾರಿಗೂ ನೆನಪಿರಲಿಲ್ಲ.

* * *

ದ್ವೀಪ ಅಂದರೆ ಒಂದು ಹಿಡಿ ಮರಳು, ಒಂದಿಷ್ಟು ತೆಂಗು, ಮೀನುಗಾರರು ಬಲೆ ಒಣಗಿಸಲು ಹಾಕಿದ ಗರಿಚಪ್ಪರ. ಆ ಚಪ್ಪರದಡಿ ಸಿಸ್ಟರಳನ್ನು ಮಲಗಿಸಿದರು. ಕುಡಿಯಲು ತಂದ ನೀರೆಲ್ಲ ಅವಳ ಕಣ್ಣಿಗೆ ಹೋಯಿತು. ದೊಡ್ಡಾಸ್ಪತ್ರೆಯಲ್ಲಿ ಊರವರ ಗಾಯ ತೊಳೆಯುವವಳು ತನ್ನ ಕಣ್ಣು ತಾನೇ ತೊಳೆದುಕೊಂಡಳು. ಎಲ್ಲಿ ಸುರಿಯಬೇಕು, ಎಷ್ಟು ಹೊತ್ತು ರೆಪ್ಪೆ ಬಿಡಿಸಬೇಕು ಎಂದು ಅವಳೇ ಹೇಳುತ್ತಿದ್ದಳು. ಕ್ಯಾಂಟೀನ್ ಅಕ್ಕ ಬಾಟಲಿ ಬಾಗಿಸಿ ಸುರಿಯುತ್ತಿದ್ದರು.

“ಕಾಣುತ್ತಾ?”

“ಕಾಣುತ್ತೆ. ಉರಿ. ಆದರೆ ಕಾಣುತ್ತೆ.”

ದೋಣಿಯಣ್ಣ ದೂರ ನಿಂತು ತಲೆ ಕೆರೆದುಕೊಂಡ. “ನೀರು ಏರೋ ತನಕ ದೋಣಿ ದಿಬ್ಬ ದಾಟಲ್ಲಮ್ಮ. ಸಂಜೆ ಆಗುತ್ತೆ. ಮತ್ತೆ ದಡದ ದಕ್ಕೆಗೆ ಹೋದಮೇಲೆ ನಾನು ಹೇಳಲೇಬೇಕು. ಮುಚ್ಚಿಟ್ಟರೆ ನನ್ನ ದೋಣಿ ಕಟ್ಟಿ ಹಾಕ್ತಾರೆ.”

ದಕ್ಕೆಯಲ್ಲಿ ಹೇಳಿದ್ದು ಈಜುಕೊಳದ ಮ್ಯಾನೇಜರ್ ಕಿವಿಗೆ ಬೀಳಲು ಎಷ್ಟು ಹೊತ್ತು?

ಆ ಈಜುಕೊಳದಲ್ಲಿ ಹೆಂಗಸರಿಗೆಂದು ಸಿಕ್ಕಿದ್ದು ನಡುಮಧ್ಯಾಹ್ನದ ಒಂದು ತಾಸು. ಗಂಡಸರಿಗೆ ಬೇಡವಾದ ಹೊತ್ತು. ಕಟ್ಟೆಯ ಮೇಲೆ ಕಾಲಿಟ್ಟರೆ ಅಂಗಾಲು ಸುಡುವ ಹೊತ್ತು. ಬೆಳಗಿನ ತಂಪು, ಸಂಜೆಯ ತಂಪು ಅವರಿಗೆ; ಉರಿ ಇವರಿಗೆ. ಅದನ್ನೂ ಬೇಡಿ ತಂದವರು ಟೀಚರ್. ಮ್ಯಾನೇಜರ್ ಕೋಣೆಯ ಮುಂದಿನ ಬೆಂಚು ಅವರು ಕೂತೂ ಕೂತೂ ನುಣ್ಣಗಾಗಿತ್ತು. ಕೊಟ್ಟ ದಿನವೇ ಮ್ಯಾನೇಜರ್ ಎಲ್ಲರೆದುರು ಹೇಳಿದ್ದ: “ಯಾರಿಗಾದರೂ ಒಂದು ಚೂರು ಏನಾದರೂ ಆಗಲಿ, ಬೀಗ.” ಇವತ್ತಿನ ಪ್ರವಾಸಕ್ಕೆ ಏಳು ಮಂದಿ ಹೆಸರು ಕೊಟ್ಟಿದ್ದರು. ಒಬ್ಬಳ ಗಂಡ ಬೇಡವೆಂದ, ಒಬ್ಬಳ ಅತ್ತೆಗೆ ಬೆಳಗಾಗುವಷ್ಟರಲ್ಲಿ ಸೊಂಟ ಹಿಡಿಯಿತು, ಒಬ್ಬಳ ಅಣ್ಣ ‘ಸಮುದ್ರಕ್ಕೆ ಯಾವ ಬಟ್ಟೇಲಿ ಇಳೀತೀಯ’ ಎಂದು ಕೇಳಿದ. ಟೀಚರ್ ಸೇರಿ ದೋಣಿ ಹತ್ತಿದ್ದು ಐದೇ ಮಂದಿ.

ಸೂಜಿಗೆ ಆ ಒಂದು ತಾಸು ಬಿಟ್ಟರೆ ತನ್ನದೆನ್ನುವ ಹೊತ್ತು ಇರಲಿಲ್ಲ. ಹೊಲಿಗೆ ಅಂಗಡಿಯ ಬಾಗಿಲು ಅರ್ಧ ಎಳೆದು ಓಡಿ ಬರುತ್ತಿದ್ದಳು. ನೀರಿಗೆ ಬಿದ್ದರೆ ಗಿರಾಕಿಯಿಲ್ಲ, ಮಾವನಿಲ್ಲ, ತಿರುಗುವ ಯಂತ್ರದ ಸದ್ದಿಲ್ಲ. ಅದನ್ನು ಕಳೆದುಕೊಳ್ಳುವುದೆಂದರೆ ಬದುಕಿನ ಒಂದೇ ಕಿಟಕಿಗೆ ಇಟ್ಟಿಗೆ ಕಟ್ಟಿದಂತೆ.

ದಫೇದಾರಮ್ಮ ಮಾತ್ರ ಬೇರೇನೋ ಮಾಡುತ್ತಿದ್ದರು. ಸಿಸ್ಟರಳ ಮಾಸ್ಕನ್ನು ಮಡಿಲಲ್ಲಿಟ್ಟುಕೊಂಡು ಮೂಸುತ್ತಿದ್ದರು.

ಪೊಲೀಸಿನಲ್ಲಿದ್ದು ನಿವೃತ್ತರಾದವರು. ಠಾಣೆಯಲ್ಲಿ ಇದ್ದಷ್ಟು ದಿನವೂ ಹೆಣ್ಣು ಆರೋಪಿಗಳ ತೋಳು ಹಿಡಿದುಕೊಳ್ಳಲು ಮಾತ್ರ ಕರೆಯುತ್ತಿದ್ದರು, ವಿಚಾರಣೆ ಗಂಡಸರದ್ದು. ತೋಳು ಹಿಡಿದು ನಿಂತು ನಿಂತೇ ಅವರು ಕೇಳುವುದನ್ನು ಕಲಿತಿದ್ದರು.

“ಟೀಚರ್,” ಎಂದರು, “ಇದು ಸಮುದ್ರದ ನೀರಿನ ಉರಿ ಅಲ್ಲ. ಬಾಮ್.”

“ಬಾಮಾ?”

“ತಲೆನೋವಿಗೆ ಹಚ್ತೀವಲ್ಲ, ಅದು. ಗಾಜಿನ ಮೇಲಿಲ್ಲ. ಇಲ್ಲಿ ನೋಡಿ— ಹಣೆಗೆ ಕೂರೋ ಕಡೆ ರಬ್ಬರ್ ಎರಡು ಪದರ ಮಡಚಿಕೊಂಡಿದೆ. ಆ ಮಡಿಕೆಯೊಳಗೆ ಇಷ್ಟುದ್ದಕ್ಕೂ ಒತ್ತಿ ಒತ್ತಿ ತುಂಬಿದಾರೆ. ಬಿಸಿಲಿಗೆ, ಮೈಕಾವಿಗೆ ಕರಗಿ ನಿಧಾನಕ್ಕೆ ಕಣ್ಣಿಗಿಳಿದಿದೆ. ಯಾರೋ ಬೇಕಂತಲೇ ಮಾಡಿದಾರೆ.”

ಗರಿಚಪ್ಪರದ ನೆರಳು ಒಮ್ಮೆಲೆ ತಣ್ಣಗಾದಂತಾಯಿತು.

* * *

“ಬಾಮ್ ನಂದೇ,” ಎಂದರು ಕ್ಯಾಂಟೀನ್ ಅಕ್ಕ, ಯಾರೂ ಕೇಳುವ ಮೊದಲೇ. ಕಚೇರಿಯೊಂದರ ಕ್ಯಾಂಟೀನ್ ನಡೆಸುವ ಹೆಂಗಸು. ನೆಲದ ಮೇಲೆ ಹತ್ತಾಳಿಗೆ ಸಮ, ದೋಣಿ ಹತ್ತಿದರೆ ಹಸುಗೂಸು. “ದೋಣಿ ಅಲ್ಲಾಡೋಕೆ ಶುರು ಆಗಿದ್ದೇ ನನ್ನ ಹೊಟ್ಟೆ ಬಾಯಿಗೆ ಬಂತು. ಡಬ್ಬಿ ತೆಗೆದೆ. ನಾನು ಹಚ್ಕೊಂಡೆ. ನಿಮಗೂ ಹಚ್ಚಿದೆ, ಸೂಜಿಗೂ ಹಚ್ಚಿದೆ, ಕೊನೆಗೆ ದೋಣಿಯಣ್ಣನಿಗೂ ಹಚ್ಚಿದೆ.”

“ಡಬ್ಬಿ ಕೈಯಿಂದ ಕೈಗೆ ಹೋಯ್ತಾ?” ಎಂದರು ದಫೇದಾರಮ್ಮ.

“ಎಲ್ಲಿ ಹೋಗುತ್ತೆ? ನನ್ನ ಬೆರಳಿಂದಲೇ ಎಲ್ಲರ ಕಣತಲೆಗೂ ಹಚ್ಚಿದ್ದು. ಡಬ್ಬಿಗೆ ಎಲ್ಲರೂ ಬೆರಳು ಹಾಕಿದರೆ ನನಗೆ ಆಗಲ್ಲ. ಕ್ಯಾಂಟೀನ್ ನಡೆಸೋಳು ನಾನು.”

“ಸಿಸ್ಟರ್‌ಗೆ?”

“ನನಗೆ ಬೇಡ ಅಂದೆ,” ಎಂದಳು ಸಿಸ್ಟರ್, ಒದ್ದೆ ಬಟ್ಟೆಯ ಕೆಳಗಿನಿಂದ. “ನಾನು ಮುಂದುಗಡೆ ಗಾಳಿಗೆ ಕೂತಿದ್ದೆ.”

“ನನಗೂ ಬೇಡ ಅಂದಿದ್ದೆ,” ಎಂದರು ಟೀಚರ್. “ಸಮುದ್ರ ನನಗೆ ತವರುಮನೆ ಇದ್ದಂಗೆ.”

“ಹಾಗಾದರೆ ಹಣೆಯಿಂದ ಜಾರಿ ಮಾಸ್ಕಿಗೆ ಹೋಯ್ತು ಅನ್ನೋಹಾಗಿಲ್ಲ,” ಎಂದರು ದಫೇದಾರಮ್ಮ. “ಆಮೇಲೆ ಡಬ್ಬಿ ಎಲ್ಲಿತ್ತಕ್ಕ?”

ಕ್ಯಾಂಟೀನ್ ಅಕ್ಕ ಮುಖ ಸಣ್ಣದು ಮಾಡಿದರು. “ಬೆಂಚಿನ ಮೇಲೆ ಬಿಟ್ಟೆ. ಮುಚ್ಚಳ ಹಾಕಿದೆನೋ ಇಲ್ಲವೋ. ಆಗ ನಾನು ದೋಣಿ ಅಂಚಿಗೆ ತಲೆ ಹಾಕಿ ಬೆಳಿಗ್ಗೆ ತಿಂದಿದ್ದನ್ನೆಲ್ಲ ಮೀನಿಗೆ ಬಡಿಸ್ತಾ ಇದ್ದೆ. ಪಕ್ಕದಲ್ಲೇ ಮಾಸ್ಕಿನ ಚೀಲ ಇತ್ತು. ಚೀಲದ ಹತ್ತಿರ...”

ಮಾತು ನಿಂತಿತು. ಅವರ ಕಣ್ಣು ಸೂಜಿಯ ಕಡೆ ಹೋಗಿ ನೆಲಕ್ಕೆ ಬಿತ್ತು.

“ಹೇಳಿ.”

“ಸೂಜಿ ಕೂತಿದ್ದಳು. ಟೀಚರ್ರೂ ಇದ್ದರು, ಲೈಫ್ ಜಾಕೆಟ್ ಹಂಚ್ತಾ. ನೀವೂ ಬಂದು ಹೋದಿರಿ. ಸುಮ್ಮನೆ ಒಬ್ಬಳ ಹೆಸರು ಯಾಕೆ ಹೇಳಲಿ.”

ಸೂಜಿಯ ಕಿವಿ ಬಿಸಿಯಾಯಿತು. “ಕೂತಿದ್ದೆ. ಚೀಲ ಹೊತ್ಕೊಂಡು ಬಂದೋಳು ನಾನೇ. ಪಟ್ಟಿಗಳಿಗೆ ಬಟ್ಟೆ ತೋಳು ಏರಿಸ್ತಿದ್ದೆ.”

ಅದು ಅವಳದೇ ಉಪಾಯ. ಮಾಸ್ಕಿನ ರಬ್ಬರ್ ಪಟ್ಟಿ ಉದ್ದ ಕೂದಲಿಗೆ ಸಿಕ್ಕಿಕೊಂಡು ಬುಡಸಮೇತ ಕೀಳುತ್ತದೆ. ಮಾಸ್ಕು ಮಾಡಿದವನಿಗೆ ಹೆಂಗಸರಿಗೆ ಕೂದಲಿರುತ್ತದೆ ಎಂಬುದು ಹೊಳೆದಿರಲಿಕ್ಕಿಲ್ಲ. ಸೂಜಿ ಪ್ರತಿ ಪಟ್ಟಿಗೂ ಮೆತ್ತನೆ ಬಟ್ಟೆಯ ತೋಳು ಹೊಲಿದಿದ್ದಳು. ಮಾಸ್ಕೆಲ್ಲ ಒಂದೇ ಥರದ ಕಪ್ಪು. ಯಾವುದು ಯಾರದೆಂದು ತಿಳಿಯುವುದು ಆ ಬಟ್ಟೆಯಿಂದಲೇ. ಸಿಸ್ಟರ್‌ಗೆ ನೀಲಿ ಚುಕ್ಕೆ, ದಫೇದಾರಮ್ಮನಿಗೆ ಬೂದು ಪಟ್ಟೆ, ತನಗೆ ಉಳಿದ ಚೂರು. ಟೀಚರ್‌ಗೆ ಮಾತ್ರ ಅಂಗಡಿಯ ಚೂರಲ್ಲ. ಹೊಸ ಕೆಂಪು ಬಟ್ಟೆ, ದಪ್ಪ ಹತ್ತಿಯದು, ಆರಿಸಿ ಕತ್ತರಿಸಿದ್ದು. ಟೀಚರ್ ಅದನ್ನು ನೋಡಿ, “ಚೆನ್ನಾಗಿದೆ” ಎಂದು, ಆ ಕಡೆ ತಿರುಗಿ ಸಿಸ್ಟರಳ ಕೈಬೀಸನ್ನು ತಿದ್ದಲು ಹೋಗಿದ್ದರು.

“ಇನ್ನೊಂದು ಕೇಳ್ತೀನಿ ಸೂಜಿ,” ಎಂದರು ದಫೇದಾರಮ್ಮ. “ದೋಣೀಲಿ ಸಿಸ್ಟರ್ ಬಗ್ಗೆ ಏನೋ ಅಂದೆಯಂತೆ.”

ಕ್ಯಾಂಟೀನ್ ಅಕ್ಕ ತಲೆ ಎತ್ತಲಿಲ್ಲ.

“ಅಂದೆ,” ಎಂದಳು ಸೂಜಿ. “‘ಇವಳ ಕಣ್ಣಿಗೊಂದು ಸಲ ಉಪ್ಪುನೀರು ಬಿದ್ದರೆ ಗೊತ್ತಾಗುತ್ತೆ’ ಅಂದೆ.”

“ಯಾಕೆ?”

“ಜಾಕೆಟ್ ಬೇಡ, ಕೆಳಗೆ ಮುಳುಗಿ ನೋಡು ಅಂತ ಟೀಚರ್ ಒಪ್ಪಿಗೆ ಕೊಟ್ಟಿದ್ದು ಅವಳೊಬ್ಬಳಿಗೇ. ನಾನು ಅವಳಿಗಿಂತ ಮುಂಚೆ ಸೇರಿದೋಳು. ಅವಳು ಬರೋ ತನಕ ಟೀಚರ್ ನನ್ನ ಕಾಲು ಹಿಡಿದು ಕಲಿಸಿದಾರೆ, ತಲೆ ಸವರಿದಾರೆ. ಅವಳು ಬಂದಮೇಲೆ ನಾನು ಮಾಸ್ಕಿನ ಚೀಲ ಹೊರೋಳು.” ಪಕ್ಕದ ಚೀಲವನ್ನು ಮರಳಿಗೆ ಕುಕ್ಕಿದಳು. “ಹೊಟ್ಟೆಕಿಚ್ಚು ಇತ್ತು. ಈಗಲೂ ಇದೆ. ಅದಕ್ಕೆ ಏನು ಶಿಕ್ಷೆ ಕೊಡ್ತೀರೋ ಕೊಡಿ. ಬಾಮ್ ಮಾತ್ರ ನಾನು ಮುಟ್ಟಿಲ್ಲ.”

“ನಿನ್ನ ಬಾಯಿ ಹರಿತ ಅಂತ ತಾನೇ ಸೂಜಿ ಅಂತ ಹೆಸರಿಟ್ಟಿದ್ದು,” ಎಂದರು ಟೀಚರ್ ಮೆಲ್ಲಗೆ. “ದಫೇದಾರಮ್ಮ, ಬಿಟ್ಟುಬಿಡಿ. ಹುಡುಗಿ ಏನೋ ಸಿಟ್ಟಲ್ಲಿ ಮಾಡಿದಾಳೆ. ಸಿಸ್ಟರ್ ಉಳಿದಳಲ್ಲ. ಬಾಮ್ ಹಣೆಯಿಂದ ಜಾರ್ತು ಅಂತಲೇ ಮ್ಯಾನೇಜರ್‌ಗೆ ಹೇಳೋಣ.”

ಮಾಡಿದಾಳೆ.

ಆ ಒಂದು ಪದ ಸೂಜಿಯ ಎದೆಗೆ ನಾಟಿತು. ಟೀಚರ್ ತನ್ನ ಕಡೆ ತಿರುಗಿ ಇಷ್ಟು ಮೆತ್ತಗೆ ಮಾತಾಡಿ ಎಷ್ಟು ದಿನವಾಗಿತ್ತು! ಆಡಿದ ಮೊದಲ ಮಾತೇ ಇದು.

* * *

ದಫೇದಾರಮ್ಮ ಸಿಸ್ಟರಳ ಪಕ್ಕಕ್ಕೆ ತೆವಳಿ ಕೂತರು.

“ನಿನಗೆ ಆಗದೋರು ಯಾರಮ್ಮ?”

“ಸೂಜಿ ಒಬ್ಬಳೇ, ಅದೂ ಬಾಯಲ್ಲಿ.” ಸಿಸ್ಟರ್ ಬಟ್ಟೆ ತೆಗೆದಳು. ಕಣ್ಣು ಕೆಂಪು ಗಾಯದ ಹಾಗಿತ್ತು. “ಎದುರಿಗೇ ಬೈಯೋಳು ಹಿಂದಿನಿಂದ ಯಾಕೆ ಮಾಡ್ತಾಳೆ?”

ಸೂಜಿಗೆ ಇದು ಇನ್ನೊಂದು ಪೆಟ್ಟು. ಬೈಸಿಕೊಂಡವಳು ತನ್ನ ಪರ ನಿಂತರೆ ಸಿಟ್ಟನ್ನು ಎಲ್ಲಿಡುವುದು?

“ಈಚೆಗೆ ನಿನ್ನ ಬದುಕಲ್ಲಿ ಹೊಸದೇನಾದರೂ ಆಯ್ತಾ? ಇಲ್ಲಿ ಯಾರಿಗಾದರೂ ಕಹಿ ಅನ್ನಿಸೋ ಅಂಥದ್ದು?”

ಸಿಸ್ಟರ್ ಒದ್ದೆ ಬಟ್ಟೆ ಕೆಳಗಿಟ್ಟಳು. ಅವಳ ನೋಟ ಟೀಚರ್ ಕಡೆ ಹೋಯಿತು. “ಹೇಳಲಾ ಟೀಚರ್?”

ಟೀಚರ್ ಮರಳನ್ನು ಬೊಗಸೆಯಲ್ಲಿ ಹಿಡಿದು ಬಿಡುತ್ತಿದ್ದರು. “ಹೇಳು.”

“ಮ್ಯಾನೇಜರ್ ನನ್ನನ್ನ ಕರೆಸಿದ್ದರು. ಮುಂದಿನ ತಿಂಗಳಿಂದ ಹೆಂಗಸರ ತರಗತಿ ನೀವೇ ನಡೆಸಿ ಅಂದರು. ನಾನು ನರ್ಸು, ಮುಳುಗಿದೋರಿಗೆ ಉಸಿರು ಕೊಡೋದು ಗೊತ್ತು, ಅದಕ್ಕೆ. ಟೀಚರ್ ಹತ್ತಿರ ಅಂಥ ಕಾಗದ ಯಾವುದೂ ಇಲ್ಲವಂತೆ.”

ಕ್ಯಾಂಟೀನ್ ಅಕ್ಕನ ಕೈಯಿಂದ ಬಾಟಲಿ ಜಾರಿತು. ಸೂಜಿ ಟೀಚರ್ ಕಡೆ ತಿರುಗಿದಳು. ಟೀಚರ್ ಇಲ್ಲದ ತರಗತಿಯೇ? ಆ ಜಾಗದಲ್ಲಿ ಇವಳೇ?

“ನೀನು ಏನಂದೆ?”

“ಟೀಚರ್‌ನ ಕೇಳಿ ಹೇಳ್ತೀನಿ ಅಂದೆ. ಇವತ್ತು ಬೆಳಿಗ್ಗೆ ದಕ್ಕೇಲಿ ಹೇಳಿದೆ. ಬೆನ್ನ ಹಿಂದೆ ಆಗಬಾರದಲ್ಲ. ನೀವು ಬೇಡ ಅಂದರೆ ಒಲ್ಲೆ ಅಂತೀನಿ ಅಂದೆ. ಟೀಚರ್ ತಬ್ಬಿಕೊಂಡರು. ತುಂಬ ಸಂತೋಷ, ನೀನೇ ನಡೆಸು ಅಂದರು.”

“ಬೇರೆ ಯಾರಿಗೆ ಹೇಳಿದೆ?”

“ಯಾರಿಗೂ ಇಲ್ಲ. ಸೂಜಿ ಹಿಂದೆ ಚೀಲ ಹಿಡಿದು ನಿಂತಿದ್ದಳು. ಕೇಳಿಸಿತೇನೋ.”

“ಕೇಳಿಸಲಿಲ್ಲ,” ಎಂದಳು ಸೂಜಿ. “ತಬ್ಬಿಕೊಂಡಿದ್ದು ನೋಡಿದೆ. ಅಷ್ಟೇ ಸಾಕಾಯ್ತು.”

ದಫೇದಾರಮ್ಮ ನಕ್ಕರು. ಆದರೆ ಕಣ್ಣು ನಗುತ್ತಿರಲಿಲ್ಲ. “ಸೂಜಿ, ಈಗ ನೀನು ನನಗೆ ಒಂದು ಕೆಲಸ ಮಾಡು. ಯಾರ ಮೇಲೂ ಸಿಟ್ಟಿಲ್ಲದೆ, ನೀರಿಗೆ ಇಳಿಯೋ ಮುಂಚೆ ನೋಡಿದ್ದನ್ನ ಹೇಳು. ಮಾಸ್ಕ್ ಹಾಕ್ಕೊಂಡಿದ್ದು ಹೇಗೆ?”

“ಯಾವಾಗಲೂ ಮಾಡೋಹಾಗೆ. ಗಾಜಿನ ಒಳಗಡೆ ಉಗಿಯೋದು, ಬೆರಳಲ್ಲಿ ಉಜ್ಜೋದು, ನೀರಿಗೆ ಅದ್ದಿ ಹಾಕ್ಕೊಳ್ಳೋದು. ಇಲ್ಲದಿದ್ದರೆ ಉಸಿರಿಗೆ ಮಂಜು ಕಟ್ಟುತ್ತೆ. ಅವರವರ ಮಾಸ್ಕಿಗೆ ಅವರವರೇ ಉಗೀಬೇಕು, ಅವರವರ ಬೆರಳಲ್ಲೇ ಉಜ್ಜಬೇಕು. ಇನ್ನೊಬ್ಬರ ಮಾಸ್ಕು ಮುಟ್ಟೋಹಾಗಿಲ್ಲ. ಟೀಚರ್ ಕಲಿಸಿದ್ದು.”

“ಎಲ್ಲರೂ ಹಾಗೇ ಮಾಡಿದರಾ?”

“ಸಿಸ್ಟರ್ ಮಾಡಿದಳು. ಆಸ್ಪತ್ರೇಲಿ ಕೈ ತೊಳೆದಂಗೆ ಉಜ್ಜಿ ಉಜ್ಜಿ... ನೋಡಿ ನಗು ಬಂತು. ನೀವು ಉಗೀವಾಗ ಕೆಮ್ಮಿದಿರಿ.”

“ಟೀಚರ್?”

ಸೂಜಿ ಕಣ್ಣು ಮುಚ್ಚಿ ನೆನಪಿಸಿಕೊಂಡಳು. ಟೀಚರ್ ಮಾಡುವುದನ್ನೆಲ್ಲ ಅವಳು ಎಷ್ಟು ಆಸೆಯಿಂದ ನೋಡುತ್ತಿದ್ದಳೆಂದರೆ, ನೆನಪಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. “ಟೀಚರ್ ಎಲ್ಲರಿಗಿಂತ ಮೊದಲು. ಉಗಿದರು. ನೀರಿಗೆ ಅದ್ದಿದರು. ಹಾಕ್ಕೊಂಡು ಜಿಗಿದರು.”

“ಉಜ್ಜಲಿಲ್ಲ?”

ಸೂಜಿ ಕಣ್ಣು ತೆರೆದಳು.

“ಇಲ್ಲ,” ಎಂದಳು. “ಉಜ್ಜಲಿಲ್ಲ.”

* * *

ಚಪ್ಪರದ ಗರಿ ಗಾಳಿಗೆ ಸರಸರ ಎಂದಿತು. ಟೀಚರ್ ಮರಳು ಬಿಡುವುದನ್ನು ನಿಲ್ಲಿಸಿದ್ದರು.

“ಆತುರದಲ್ಲಿದ್ದೆ,” ಎಂದರು.

“ಇರಬಹುದು,” ಎಂದರು ದಫೇದಾರಮ್ಮ. “ಆದರೆ ಟೀಚರ್, ‘ಮಂಜು ಕಟ್ಟಿದ ಗಾಜಿನ ಹಿಂದೆ ಈಜೋದೂ ಕಣ್ಣು ಮುಚ್ಚಿ ರಸ್ತೆ ದಾಟೋದೂ ಒಂದೇ’ ಅಂತ ದಿನಾ ಹೇಳೋರು ನೀವು. ನಾನು ಒಂದು ಸಲ ಉಜ್ಜೋದು ಮರೆತಿದ್ದಕ್ಕೆ ನನ್ನನ್ನ ಇಡೀ ತಾಸು ಕಟ್ಟೆ ಮೇಲೆ ಕೂರಿಸಿದ್ದಿರಿ. ಇವತ್ತು ನೀವೇ ಮರೆತಿರಿ. ಅದಕ್ಕೇ ಆಮೆ ನಿಮ್ಮ ಹೊಟ್ಟೆ ಕೆಳಗೇ ಹೋದರೂ ಕಾಣಲಿಲ್ಲ. ನಾವು ನಕ್ಕೆವು. ನಗೋ ವಿಷಯ ಅಲ್ಲ ಅದು. ನಿಮ್ಮ ಗಾಜು ಪೂರ್ತಿ ಮಂಜಾಗಿತ್ತು.”

“ನಾನು ನಿಮ್ಮನ್ನ ನೋಡ್ತಿದ್ದೆ ಅಂತ ಆಗಲೇ ಹೇಳಿದೆನಲ್ಲ.”

“ನಮ್ಮನ್ನೂ ನೋಡಿಲ್ಲ. ಸಿಸ್ಟರ್ ಒದ್ದಾಡಿದಾಗ ನೀವು ಮಾಸ್ಕ್ ಹಣೆಗೇರಿಸಿಕೊಂಡು ಹೋದಿರಿ. ಏನೇ ಆದರೂ ನೀರಲ್ಲಿ ಮಾಸ್ಕ್ ತೆಗೀಬೇಡಿ ಅಂತ ಕಲಿಸಿದೋರು ನೀವು. ತೆಗೆಯದಿದ್ದರೆ ನಿಮಗೆ ಅವಳು ಕಾಣ್ತಿರಲಿಲ್ಲ. ಅಲ್ವಾ?”

ಟೀಚರ್ ಅಂಗೈಗೆ ಅಂಟಿದ ಮರಳನ್ನು ಕೊಡವಿದರು; ದಫೇದಾರಮ್ಮ ಮಾತು ಮುಂದುವರಿಸಿದರು.

“ಹಾಗಾದರೆ ಪ್ರಶ್ನೆ ಒಂದೇ. ಮರೆಯದೋರು ಯಾಕೆ ಮರೆತರು? ಮರೆತಿಲ್ಲ. ಉಜ್ಜೋಕೆ ಆಗ್ತಿರಲಿಲ್ಲ. ಒಂದು ಕೈ ಬೆರಳಲ್ಲಿ ಮಡಿಕೆ ಬಿಡಿಸಿ ಹಿಡಿದು, ಇನ್ನೊಂದು ಕೈ ಬೆರಳಲ್ಲಿ ಬಾಮ್ ಒತ್ತಿದ ಮೇಲೆ ಎರಡೂ ಕೈ ಜಿಡ್ಡು. ಬಾಮಿನ ಜಿಡ್ಡು ಉಪ್ಪುನೀರಿಗೆ ಹೋಗಲ್ಲ. ಆ ಬೆರಳು ಗಾಜಿಗೆ ಮುಟ್ಟಿಸಿದರೆ ನಿಮ್ಮ ಕಣ್ಣೂ ಉರೀತಿತ್ತು. ಬಟ್ಟೇಲಿ ಉಜ್ಜೋಣ ಅಂದರೆ ಬೆರಳೇ ಆಗಬೇಕು ಅಂತ ನಿಮ್ಮಿಂದಲೇ ಹೇಳಿಸಿಕೊಂಡ ನಾವೆಲ್ಲ ಎದುರಿಗೇ ನೋಡ್ತಾ ನಿಂತಿದ್ದೀವಿ.”

“ಇದೆಲ್ಲ ನಿಮ್ಮ ಊಹೆ.” ಟೀಚರ್ ದನಿಯಲ್ಲಿ ಮೊದಲ ಸಲ ಬಿರುಕಿತ್ತು. “ನಾನು ಬಾಮ್ ಮುಟ್ಟಲೇ ಇಲ್ಲ.”

“ಅದನ್ನೇ ನೀವು ಆಗಲೂ ಹೇಳಿದಿರಿ. ಸಂತೋಷ.” ದಫೇದಾರಮ್ಮ ಸೂಜಿಯ ಕಡೆ ಕೈ ಚಾಚಿದರು. “ಚೀಲ ಕೊಡಮ್ಮ.”

ವಾಂತಿಯಿಂದಾಗಿ ದೋಣಿಯಲ್ಲೇ ಉಳಿದಿದ್ದ ಕ್ಯಾಂಟೀನ್ ಅಕ್ಕನದು ಬಿಟ್ಟು ಮಿಕ್ಕ ಮಾಸ್ಕುಗಳನ್ನು ಒಂದೊಂದಾಗಿ ಮರಳಿನ ಮೇಲೆ ಸಾಲಾಗಿ ಇಟ್ಟರು.

“ಕ್ಯಾಂಟೀನ್ ಅಕ್ಕ, ಕಚೇರಿಯೋರೆಲ್ಲ ಹೊಗಳೋದು ನಿಮ್ಮ ಮೂಗನ್ನ. ಪಟ್ಟಿಗೆ ಹಾಕಿರೋ ಬಟ್ಟೆ ಮೂಸಿ ನೋಡಿ. ಮಾಸ್ಕ್ ಹಾಕ್ಕೊಳ್ಳೋವಾಗ ಎರಡೂ ಕೈಯಿಂದ ಎಳೆಯೋದು ಅದನ್ನೇ.”

ಕ್ಯಾಂಟೀನ್ ಅಕ್ಕ ಬೂದು ಪಟ್ಟೆಯನ್ನು ಮೂಸಿದರು. “ಉಪ್ಪು.” ಸೂಜಿಯ ಚೂರುಬಟ್ಟೆಯನ್ನು ಮೂಸಿದರು. “ಉಪ್ಪು, ಯಂತ್ರದೆಣ್ಣೆ.” ನೀಲಿ ಚುಕ್ಕೆ. “ಉಪ್ಪು, ಆಸ್ಪತ್ರೆ.” ಕೆಂಪು ಬಟ್ಟೆಯನ್ನು ಮೂಗಿನ ಹತ್ತಿರ ತಂದವರು ಅಲ್ಲೇ ನಿಂತರು. ಇನ್ನೊಮ್ಮೆ ಮೂಸಿದರು.

“ನನ್ನ ಬಾಮು,” ಎಂದರು. “ಎರಡೂ ಕಡೆ. ಬೆರಳಿನ ಗುರುತೂ ಇದೆ.”

ಸೂಜಿ ಆ ಕೆಂಪನ್ನು ನೋಡಿದಳು. ಅಂಗಡಿಯ ಚೂರು ತೆಳ್ಳಗಿತ್ತು, ನೀರಿಗೆ ತೊಳೆದು ಹೋಗುತ್ತಿತ್ತು. ಹೊಸದು, ದಪ್ಪನೆಯದು, ಒಳ್ಳೆಯದು ಎಂದು ಆರಿಸಿ ತಂದದ್ದಕ್ಕೇ ಜಿಡ್ಡು ಕಚ್ಚಿಕೊಂಡಿತ್ತು. ತನ್ನ ಪ್ರೀತಿಯೇ ಹೀಗೆ ಸಾಕ್ಷಿ ಹೇಳುತ್ತದೆಂದು ಅವಳು ಎಣಿಸಿರಲಿಲ್ಲ.

“ಟೀಚರ್,” ಎಂದಳು, “ನನ್ನ ಮೇಲೆ ಹಾಕಿದಿರಲ್ಲ.”

ಟೀಚರ್ ಮುಖ ಎತ್ತಿದರು. ಆ ಮುಖದಲ್ಲಿ ಅವರು ಕಲಿಸಿದ ಯಾವ ಧೈರ್ಯವೂ ಉಳಿದಿರಲಿಲ್ಲ.

“ಮುಳುಗಲಿ ಅಂತಲ್ಲ,” ಎಂದರು. “ದೇವರಾಣೆಗೂ ಅಲ್ಲ. ಇವತ್ತೊಂದು ದಿನ ಕಣ್ಣುರಿದು ದೋಣೀಲಿ ಕೂರಲಿ, ಇವಳು ಸಮುದ್ರಕ್ಕೆ ಆಗಲ್ಲ ಅಂತ ಎಲ್ಲರಿಗೂ ಅನ್ನಿಸಲಿ ಅಂತ. ಜಾಕೆಟ್ ಬಿಚ್ಚಿಡ್ತೀನಿ ಅಂತ ಅವಳು ಕೇಳಿದಾಗ ತಲೆ ಆಡಿಸಿಬಿಟ್ಟೆ. ಬೇಡ ಅಂದರೆ ಯಾಕೆ ಅಂತ ಕೇಳ್ತಿದ್ದಳು. ಏನು ಹೇಳಲಿ?” ಅವರು ಸಿಸ್ಟರ್ ಕಡೆ ನೋಡಲಿಲ್ಲ. “ಆ ಬೆಂಚಿನ ಮೇಲೆ ಕೂತು ಕೂತು ತಂದ ತಾಸು ಅದು. ಅವನು ಬಾಗಿಲು ಹಾಕಿದಾಗ ಹೊರಗೆ ಕೂತೋಳು ನಾನು. ತೆರೆದಾಗ ಒಳಗೆ ಕರೆದಿದ್ದು ಇವಳನ್ನ. ಇವಳು ಬಂದು ನನ್ನ ಹತ್ತಿರ ಒಪ್ಪಿಗೆ ಕೇಳ್ತಾಳೆ, ನನ್ನ ಮನೆಯನ್ನ ನನಗೇ ತೋರಿಸಿ ಒಳಗೆ ಬರಲಾ ಅಂದ ಹಾಗೆ. ತಬ್ಬಿಕೊಂಡೆ.”

“ಬೇಡ ಅಂದಿದ್ದರೆ ಆಗ್ತಿತ್ತು,” ಎಂದಳು ಸಿಸ್ಟರ್. “ಒಂದು ಮ—” ಕೆಮ್ಮಿದಳು. ಒಳಗಿದ್ದ ಉಪ್ಪುನೀರು ಇನ್ನೂ ಹೋಗಿರಲಿಲ್ಲ. “ಒಂದು ಮಾತು ಸಾಕಿತ್ತು.”

“ಆ ಮಾತು ಬಾಯಿಗೆ ಬರಲಿಲ್ಲ.”

ದಫೇದಾರಮ್ಮ ಎದ್ದು ನಿಂತರು. ಮಂಡಿ ಲಟಕ್ಕೆಂದಿತು. “ಇದರಲ್ಲಿ ಕೈ ನಿಮ್ಮದು ಟೀಚರ್, ಅದನ್ನ ನೀವೇ ಹೊರಬೇಕು. ಆದರೆ ಇನ್ನೊಬ್ಬನಿದಾನೆ, ಆ ಮ್ಯಾನೇಜರ್. ಒಂದೇ ಕುರ್ಚಿ ಇಟ್ಟು, ಒಬ್ಬರಿಗೆ ಕಾಣದಂಗೆ ಇನ್ನೊಬ್ಬರಿಗೆ ತೋರಿಸಿ, ನಾವು ಒಬ್ಬರ ಕೂದಲು ಒಬ್ಬರು ಹಿಡಿಯೋದನ್ನ ಕಿಟಕೀಲಿ ನೋಡೋನು. ಬೆಳಗಿನ ತಂಪಿನ ತರಗತಿ ನಡೆಸೋನ ಹತ್ತಿರ ಯಾವ ಕಾಗದ ಇದೆ ಅಂತ ಅವನು ಕೇಳಿದಾನಾ? ಹೆಂಗಸರ ತಾಸಿಗೆ ಮಾತ್ರ ಕಾಗದ ಬೇಕಾಯ್ತು.”

“ಮತ್ತೆ ದಕ್ಕೇಲಿ ನಾನು ಏನು ಹೇಳಲಿ?” ಎಂದ ದೋಣಿಯಣ್ಣ.

“ನಡೆದಿದ್ದನ್ನೇ ಹೇಳಿ. ಮುಚ್ಚಿಡೋದೇನೂ ಇಲ್ಲ.”

“ನಾನೇ ಹೇಳ್ತೀನಿ,” ಎಂದರು ಟೀಚರ್. “ನನ್ನ ಬಾಯಿಂದಲೇ. ನನ್ನನ್ನ ತೆಗೆದುಹಾಕಿ, ತಾಸು ಮುಚ್ಚಬೇಡಿ ಅಂತೀನಿ.”

“ಬೇಡೋದು ಬೇಡ,” ಎಂದಳು ಸಿಸ್ಟರ್. ಕೆಂಪು ಕಣ್ಣು ನೆಟ್ಟಗೆ ನೋಡುತ್ತಿತ್ತು. “ಆ ತಾಸು ಅವನದ್ದಲ್ಲ. ಟೀಚರ್, ನಿಮ್ಮದೂ ಅಲ್ಲ. ಅವನು ಹೇಳಿದ ರೀತೀಲಿ ನನಗೆ ಆ ಕೆಲಸ ಬೇಡ. ನೀವು ಮತ್ತೆ ಕಟ್ಟೆ ಮೇಲೆ ನಿಲ್ಲೋದೂ ಬೇಡ. ನಿಂತರೆ ನಾನು ನೀರಿಗೆ ಇಳಿಯಲಾರೆ. ಯಾರು ನಡೆಸಬೇಕು ಅಂತ ಹೆಸರು ಕೊಟ್ಟ ಹೆಂಗಸರೆಲ್ಲ ಕೂತು ಹೇಳ್ತೀವಿ. ಇವತ್ತು ಬಾರದೇ ಇರೋರೂ ಸೇರಿ.”

“ಬೀಗ ಹಾಕಿದರೆ?” ಎಂದರು ಕ್ಯಾಂಟೀನ್ ಅಕ್ಕ.

“ಗೇಟಿನ ಮುಂದೆ ಕೂರೋಣ,” ಎಂದಳು ಸೂಜಿ. “ಮಧ್ಯಾಹ್ನದ ಬಿಸಿಲು ತಾನೇ. ಅವನೇ ಅಭ್ಯಾಸ ಮಾಡಿಸಿದಾನೆ.”

ಟೀಚರ್ ಎದ್ದು ಹೋಗಿ ದೋಣಿಯ ಮೂತಿಯಲ್ಲಿ ಬೆನ್ನು ತಿರುಗಿಸಿ ಕೂತರು. ಯಾರೂ ಕರೆಯಲಿಲ್ಲ. ಯಾರೂ ಬೈಯಲೂ ಇಲ್ಲ.

* * *

ನೀರು ಏರಲು ಇನ್ನೂ ಹೊತ್ತಿತ್ತು. ದಿಬ್ಬದ ಮೇಲೆ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಸಿಸ್ಟರ್ ಎದ್ದು ಕೂತು ತನ್ನ ಮಾಸ್ಕನ್ನು ಕೈಚೀಲದಲ್ಲಿದ್ದ ಸೋಪು ಹಾಕಿ ತಿಕ್ಕಿದಳು. ಮಡಿಕೆ ಬಿಡಿಸಿ, ಮೂಸಿ, ಮತ್ತೆ ತಿಕ್ಕಿದಳು.

“ಏನು ಮಾಡ್ತಿದ್ದೀ?” ಎಂದರು ದಫೇದಾರಮ್ಮ.

“ಇಳೀತೀನಿ. ಇಲ್ಲೇ, ಎದೆಮಟ್ಟದ ನೀರಲ್ಲಿ, ಜಾಕೆಟ್ ಹಾಕ್ಕೊಂಡು. ಈಗ ಇಳಿಯದೆ ಮನೆಗೆ ಹೋದರೆ ಇನ್ನು ಯಾವತ್ತೂ ಇಳಿಯಲ್ಲ.” ಮಾಸ್ಕನ್ನು ಸೂಜಿಯ ಮಡಿಲಿಗೆ ಹಾಕಿದಳು. “ಉಗಿದು ಕೊಡು.”

“ನಾನಾ? ನಿಮ್ಮ ಮಾಸ್ಕಿಗಾ?”

“ನನ್ನ ಬಾಯೆಲ್ಲ ಒಣಗಿ ಹೋಗಿದೆ. ನೀನು ಹೇಗೂ ನನ್ನ ಮೇಲೆ ಉಗೀಬೇಕು ಅಂತ ಎಷ್ಟೋ ದಿನದಿಂದ ಕಾಯ್ತಿದ್ದೀಯಲ್ಲ.”

ಕ್ಯಾಂಟೀನ್ ಅಕ್ಕ ನಕ್ಕ ರಭಸಕ್ಕೆ ಬಿಕ್ಕಳಿಕೆ ಬಂತು.

ಸೂಜಿ ಮಾಸ್ಕನ್ನು ಕೈಗೆತ್ತಿಕೊಂಡಳು. ಹೊಟ್ಟೆಯೊಳಗಿನ ಕಿಚ್ಚು ಆರಿರಲಿಲ್ಲ. ಸಿಸ್ಟರ್ ನಾಳೆಯೂ ಅವಳಿಗಿಂತ ಚೆನ್ನಾಗಿಯೇ ಈಜುತ್ತಾಳೆ, ನಾಳೆಯೂ ಉರಿಯುತ್ತದೆ. ಉರಿಯಲಿ. ಅವಳು ಮನಸಾರೆ ಉಗಿದಳು. ಗಾಜಿನ ಮೂಲೆಮೂಲೆಗೂ ಬೆರಳಾಡಿಸಿ ಉಜ್ಜಿದಳು. ರಬ್ಬರಿನ ಮಡಿಕೆಯನ್ನು ಎರಡು ಬೆರಳಲ್ಲಿ ಬಿಡಿಸಿ ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಅಲೆಗೆ ಅದ್ದಿ ಬಿಸಿಲಿಗೆ ಎತ್ತಿ ಹಿಡಿದಳು.

ಗಾಜು ತಿಳಿಯಾಗಿತ್ತು. ಅದರಾಚೆ, ದೋಣಿಯ ಮೂತಿಯಲ್ಲಿ ಒಂಟಿಯಾಗಿ ಕೂತ ಟೀಚರ್ ಬೆನ್ನು ಸ್ಪಷ್ಟವಾಗಿ ಕಾಣುತ್ತಿತ್ತು.

ಸೂಜಿ ಮಾಸ್ಕನ್ನು ಸಿಸ್ಟರಳ ಕೈಗೆ ಕೊಟ್ಟಳು.